‘ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ’ ಎಂಬ ಸಾಲಿನ ನಂತರ ಏನು ಬರೆಯಬೇಕು?

ಪ್ರಶ್ನೆ: ಮದುವೆಯಾಗಿ ದೇಶ ಬಿಟ್ಟು 19 ವರ್ಷವಾಯಿತು. ಇಲ್ಲಿ ಕೆಲಸವಿದೆ, ಮನೆಯಿದೆ, ಒಬ್ಬಳು ಮಗಳಿದ್ದಾಳೆ. ಕೆಲವು ವರ್ಷಗಳಿಂದ ಕನ್ನಡದಲ್ಲಿ ಕವಿತೆ ಬರೆಯುತ್ತಿದ್ದೇನೆ. ಈಗ ಸುಮಾರು 40 ಇವೆ. ಒಂದು ಪತ್ರಿಕೆಗೆ ಕಳಿಸಿದಾಗ ಸಂಪಾದಕರು ‘ತವರಿನ ಹಂಬಲದ ಆಚೆಗೆ ಏನಿದೆ?’ ಎಂದು ಬರೆದು ವಾಪಸು ಕಳಿಸಿದರು. ಗೆಳತಿಯೊಬ್ಬಳು, ‘ಎರಡು ಸಂಸ್ಕೃತಿಗಳ ನಡುವೆ ಬದುಕುವವಳು ಭಾಷೆಯನ್ನೂ ಬೆರೆಸಿಯೇ ಬರೆಯಬೇಕು, ಬರೀ ಕನ್ನಡದಲ್ಲಿ ಬರೆದರೆ ಅದು ಸುಳ್ಳು’ ಅನ್ನುತ್ತಾಳೆ. ನನ್ನನ್ನು ಯಾರೂ ಓಡಿಸಲಿಲ್ಲ, ಸುಖವಾಗಿಯೇ ಇದ್ದೇನೆ. ಹಾಗಿದ್ದೂ ನೆಲೆ ತಪ್ಪಿದ ದುಃಖ ಹೇಳಿಕೊಳ್ಳಲು ನನಗೆ ಹಕ್ಕಿದೆಯೇ? ಅತ್ತೆಯವರ ಬಗ್ಗೆ ಒಂದು ಕವಿತೆಯಿದೆ, ಪ್ರಕಟಿಸಲು ಭಯ. ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅಮ್ಮ ಪ್ರತಿ ಸಲವೂ ಫೋನಿನಲ್ಲಿ ‘ಈಗ ಅಲ್ಲಿ ಎಷ್ಟು ಗಂಟೆ?’ ಎಂದೇ ಮಾತು ಶುರು ಮಾಡುತ್ತಾಳೆ. ಆಫೀಸಿನಲ್ಲಿ ನನ್ನ ಹೆಸರನ್ನು ಅರ್ಧಕ್ಕೇ ನಿಲ್ಲಿಸಿ ಕರೆಯುತ್ತಾರೆ, ಈಗೀಗ ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಇದನ್ನೆಲ್ಲ ಯಾರಿಗಾಗಿ ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಒಂದು ಕವಿತೆಯ ಮೊದಲ ಭಾಗ ಹೀಗಿದೆ:

ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ
ನಡುವೆ ನಿಂತ ನೆರಳು ನಾನು
ಅಂಗಳದ ತುಳಸಿ, ಅಮ್ಮನ ಸೆರಗು,
ಮೊದಲ ಮಳೆಯ ಮಣ್ಣಿನ ವಾಸನೆ
ಎಲ್ಲ ಬಿಟ್ಟು ಬಂದೆ
ಬೇರು ಕಿತ್ತ ಗಿಡದಂತೆ

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಅವುಗಳ ತಳದಲ್ಲಿರುವ ಆತಂಕ ಒಂದೇ: ನನ್ನ ಅನುಭವ ಕವಿತೆಗೆ ಸಾಲುವಷ್ಟು ದೊಡ್ಡದೋ ಅಲ್ಲವೋ? ಅನುಭವ ಸಾಲುತ್ತದೆ. ಸಾಲದಿರುವುದು ಅದನ್ನು ಹಿಡಿದಿರುವ ರೀತಿ, ಅದನ್ನು ತಿದ್ದಬಹುದು. ನಿಮ್ಮ ಪತ್ರದಲ್ಲಿ ಅಮ್ಮನ ಪ್ರಶ್ನೆ ಮತ್ತು ಅರ್ಧ ಹೆಸರಿನ ಬಗ್ಗೆ ಬರೆದ ಎರಡು ವಾಕ್ಯಗಳು ಮೇಲಿನ ಆರು ಸಾಲುಗಳಿಗಿಂತ ಗಟ್ಟಿಯಾಗಿವೆ. ಏಕೆ ಎಂದು ಮುಂದೆ ವಿವರವಾಗಿ ನೋಡೋಣ. ಮೊದಲು ಹಕ್ಕಿನ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಆ ಅಳುಕು ಇರುವವರೆಗೂ ಪ್ರತಿ ಸಾಲೂ ಸಮಜಾಯಿಷಿ ಕೊಡುತ್ತಲೇ ಇರುತ್ತದೆ.

ಯುದ್ಧದಿಂದ, ಹಿಂಸೆಯಿಂದ, ಅಣೆಕಟ್ಟಿನ ಮುಳುಗಡೆಯಿಂದ ಮನೆ ಕಳೆದುಕೊಂಡವರ ಸ್ಥಿತಿಯೂ ನಿಮ್ಮದೂ ಒಂದೇ ಅಲ್ಲ. ಅವರಿಗೆ ಹಿಂದಿರುಗುವ ದಾರಿಯಿಲ್ಲ, ನಿಮಗೆ ವಿಮಾನದ ಟಿಕೆಟ್ ಇದೆ. ಆದ್ದರಿಂದ ‘ನಿರಾಶ್ರಿತೆ’, ‘ಗಡೀಪಾರು’, ‘ಅನಾಥೆ’ ಎಂಬಂಥ ಶಬ್ದಗಳನ್ನು ನಿಮ್ಮ ಕವಿತೆಗೆ ಎರವಲು ತರಬೇಡಿ. ಅವು ನೀತಿಯ ದೃಷ್ಟಿಯಿಂದಷ್ಟೇ ತಪ್ಪಲ್ಲ, ಕಸುಬಿನ ದೃಷ್ಟಿಯಿಂದಲೂ ತಪ್ಪು: ಓದುಗರು ಆ ಶಬ್ದಕ್ಕೆ ತಕ್ಕ ಆಪತ್ತನ್ನು ಹುಡುಕುತ್ತಾರೆ, ಸಿಗದಿದ್ದಾಗ ಇಡೀ ಕವಿತೆಯನ್ನು ಅನುಮಾನಿಸುತ್ತಾರೆ. ಆದರೆ ಬಲವಂತವಿಲ್ಲದಿದ್ದರೆ ಸ್ಥಳಾಂತರವೇ ಅಲ್ಲ ಎಂಬುದು ಸುಳ್ಳು. ಭಾರತದ ಜನಗಣತಿಯಲ್ಲಿ ಹೆಣ್ಣುಮಕ್ಕಳು ವಾಸಸ್ಥಳ ಬದಲಿಸಿದ್ದಕ್ಕೆ ದಾಖಲಾಗುವ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ. ಊರು ಬಿಡುವುದು, ಹೊಸ ಮನೆಯ ಮಾತಿನ ಧಾಟಿ ಕಲಿಯುವುದು, ತವರಿಗೆ ಬಂದಾಗ ಅತಿಥಿಯಾಗುವುದು, ಇವೆಲ್ಲ ದೇಶ ಬಿಡದ ಕೋಟ್ಯಂತರ ಹೆಂಗಸರ ಅನುಭವ. ನಿಮ್ಮದು ಅದರ ಮೇಲೆ ಇನ್ನೊಂದು ಪದರ: ಭಾಷೆ, ವೀಸಾ, ಹವಾಮಾನ, ಗಡಿಯಾರ. ಈ ಎರಡು ಪದರಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ನಿಮ್ಮ 40 ಕವಿತೆಗಳಲ್ಲಿ ಯಾವುದು ಮದುವೆಯಿಂದ ಬಂದ ನೋವು, ಯಾವುದು ದೇಶ ಬದಲಾದದ್ದರಿಂದ ಬಂದದ್ದು ಎಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದು ನೋಡಿ. ಮೊದಲನೆಯದನ್ನು ಎರಡನೆಯದರ ಮೇಲೆ ಹಾಕಿ ಬರೆದ ಕವಿತೆಗಳು ಕೆಲವು ಖಂಡಿತ ಸಿಗುತ್ತವೆ. ಮನೆಯೊಳಗಿನ ಅಧಿಕಾರದ ಬಗ್ಗೆ ಹೇಳಲು ಕಷ್ಟವಾದಾಗ ‘ಪರದೇಶ’ದ ಮೇಲೆ ದೂರು ಹೇಳುವುದು ಸುಲಭ. ಅಂಥ ಕವಿತೆಗಳು ಮಂಕಾಗಿಯೇ ಉಳಿಯುತ್ತವೆ.

ಇನ್ನು ಸಂಪಾದಕರು ಎತ್ತಿದ ಹಂಬಲದ ವಿಷಯ. ಹಂಬಲ ದೋಷವಲ್ಲ. ಕನ್ನಡದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳಲ್ಲಿ ದೊಡ್ಡ ಪಾಲು ತವರಿನ ಹಂಬಲವೇ, ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತೆರೆದು ನೋಡಿದರೆ ಗೊತ್ತಾಗುತ್ತದೆ. ಆ ಹಾಡುಗಳಲ್ಲಿ ಹಂಬಲ ಸೊರಗುವುದಿಲ್ಲ, ಏಕೆಂದರೆ ಅಲ್ಲಿ ಯಾರೋ ಬರಬೇಕು, ಬರುತ್ತಿಲ್ಲ. ಅಣ್ಣ ಕರೆಯಲು ಬಂದನೋ ಇಲ್ಲವೋ, ಅತ್ತಿಗೆಯ ಮುಖ ಹೇಗಿತ್ತು, ದಾರಿ ಎಷ್ಟು ದೂರ ಎಂಬ ಲೆಕ್ಕಾಚಾರವಿದೆ. ಹಂಬಲದ ಎದುರಿಗೆ ಇನ್ನೊಬ್ಬರಿದ್ದಾರೆ. ನಿಮ್ಮ ಆರು ಸಾಲುಗಳಲ್ಲಿ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಅಮ್ಮ ಕೂಡ ಸೆರಗಾಗಿ ಮಾತ್ರ ಬಂದಿದ್ದಾಳೆ.

ಆ ಸಾಲುಗಳನ್ನು ಒಂದೊಂದಾಗಿ ನೋಡೋಣ. ‘ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ’ ಎಂಬುದು ತೀರ್ಪು. ಕವಿತೆ ಕೊನೆಗೆ ಓದುಗರ ಮನಸ್ಸಿನಲ್ಲಿ ಹುಟ್ಟಿಸಬೇಕಾದ ಮಾತನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಅದಕ್ಕೆ ಸಾಕ್ಷಿ ಒದಗಿಸುವ ಕೆಲಸ ಮಾತ್ರ. ಎರಡನೆಯ ಸಾಲಿನ ‘ನೆರಳು’ ಮತ್ತು ಆರನೆಯ ಸಾಲಿನ ‘ಬೇರು’ ಈ ವಿಷಯದ ಮೇಲೆ ಬರುವ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಸಲ ಕಾಣುವ ರೂಪಕಗಳು. ಬೇರು, ನೆರಳು, ಸೇತುವೆ, ಹೊಸ್ತಿಲು, ಗಡಿ, ಕನ್ನಡಿ, ರೆಕ್ಕೆ: ಈ ಏಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಇವು ಬಂದಲ್ಲೆಲ್ಲ ಮೊದಲ ಕರಡಿನಲ್ಲಿ ಇರಲಿ, ಎರಡನೆಯದರಲ್ಲಿ ತೆಗೆಯಿರಿ. ರೂಪಕ ತೆಗೆದ ಜಾಗದಲ್ಲಿ ನಿಜವಾಗಿ ನಡೆದದ್ದು ಏನು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಮೂರು, ನಾಲ್ಕನೆಯ ಸಾಲು ಪಟ್ಟಿ. ತುಳಸಿ, ಸೆರಗು, ಮಣ್ಣಿನ ವಾಸನೆ ನಿಮ್ಮದೇ ಇರಬಹುದು, ಆದರೆ ಕವಿತೆಯಲ್ಲಿ ಅವು ಎಲ್ಲರ ತುಳಸಿ, ಎಲ್ಲರ ಸೆರಗು. ಇಡೀ ಭಾಗದಲ್ಲಿ ಒಂದೇ ಒಂದು ಪೂರ್ಣ ಕ್ರಿಯಾಪದವಿದೆ: ಬಂದೆ. ಕ್ರಿಯೆಯಿಲ್ಲದ ಕಡೆ ಕಾಲವಿಲ್ಲ, ಕಾಲವಿಲ್ಲದ ಕಡೆ ನೆನಪು ಚಿತ್ರಪಟವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ.

ಹೀಗಾಗಲು ಒಂದು ಕಾರಣವಿದೆ, ಅದು ನಿಮ್ಮೊಬ್ಬರದಲ್ಲ. ಊರು ಬಿಟ್ಟವರ ನೆನಪು ಬಿಟ್ಟ ವರ್ಷದಲ್ಲಿ ನಿಂತುಬಿಡುತ್ತದೆ. ಅಂಗಳ ಸಿಮೆಂಟಾಗಿರಬಹುದು, ಅಮ್ಮ ಸೀರೆ ಬಿಟ್ಟು ಚೂಡಿದಾರ ತೊಡುತ್ತಿರಬಹುದು. ನಿಮ್ಮ ಕವಿತೆಯ ಕನ್ನಡವೂ ಅದೇ ವರ್ಷದಲ್ಲಿ ನಿಂತಿರುತ್ತದೆ. ದಿನದ ಮಾತಿನ ಬಳಕೆ ಕಡಿಮೆಯಾದಾಗ ಓದಿದ ಪುಸ್ತಕಗಳ ಭಾಷೆ ಆ ಜಾಗಕ್ಕೆ ಬಂದು ಕೂರುತ್ತದೆ. ಇದಕ್ಕೆ ಮದ್ದು ಸರಳ. ಕವಿತೆಯಲ್ಲಿ ಬರುವ ಪ್ರತಿ ವಸ್ತುವಿನ ಪಕ್ಕ ‘ಇದು ಈಗ ಹೇಗಿದೆ?’ ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳಿ. ನೀವು ನೆನಪಿಟ್ಟುಕೊಂಡದ್ದಕ್ಕೂ ಅಮ್ಮ ಕೊಡುವ ಉತ್ತರಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕವಿತೆ ಶುರುವಾಗುತ್ತದೆ. ತುಳಸಿ ಕಟ್ಟೆ ಒಡೆದು ಅಲ್ಲಿ ಬೈಕ್ ನಿಲ್ಲಿಸುತ್ತಿದ್ದಾರೆ ಎಂದು ಅಮ್ಮ ಸಹಜವಾಗಿ ಹೇಳಿದರೆ, ಆ ಸಹಜತೆಯೇ ನಿಮ್ಮ ವಸ್ತು. ಅಲ್ಲೇ ಇರುವವರಿಗೆ ಅದು ನಷ್ಟವೇ ಅಲ್ಲ.

ಈಗ ನಿಮ್ಮ ಪತ್ರದ ವಾಕ್ಯ ಹಿಡಿದು ಒಂದು ಕರಡು ಮಾಡಿ ತೋರಿಸುತ್ತೇನೆ. ಇದನ್ನು ನೀವು ಬಳಸಬೇಕೆಂದಲ್ಲ, ರೀತಿ ಕಾಣಲೆಂದು:

ಈಗ ಅಲ್ಲಿ ಎಷ್ಟು ಗಂಟೆ, ಅನ್ನುತ್ತಾಳೆ ಅಮ್ಮ
ಹನ್ನೊಂದು, ಅನ್ನುತ್ತೇನೆ
ರಾತ್ರಿಯದೋ ಹಗಲಿನದೋ, ಅನ್ನುತ್ತಾಳೆ
ಹತ್ತೊಂಬತ್ತು ವರ್ಷವಾಯಿತು
ಅಲ್ಲಿ ಎಷ್ಟು ಎಂದು
ನಾನು ಒಮ್ಮೆಯೂ ಕೇಳಿಲ್ಲ
ಕೇಳಬೇಕಾಗಿ ಬಂದಿಲ್ಲ

ಇಲ್ಲಿ ‘ನಾನು ಇಲ್ಲಿಯವಳಲ್ಲ’ ಎಂಬ ಮಾತಿಲ್ಲ. ಮಗಳ ತಲೆಯೊಳಗೆ ಇನ್ನೂ ಅಲ್ಲಿಯ ಗಡಿಯಾರ ಓಡುತ್ತಿದೆ ಎಂಬುದು ಮಾತ್ರ ಇದೆ, ಅದನ್ನೂ ಬಾಯಿಬಿಟ್ಟು ಹೇಳಿಲ್ಲ. ಕೊನೆಯ ಸಾಲು ಬೇಕೋ ಬೇಡವೋ ಎಂಬುದು ನಿಜವಾದ ಪ್ರಶ್ನೆ. ಅದನ್ನು ತೆಗೆದರೆ ‘ಒಮ್ಮೆಯೂ ಕೇಳಿಲ್ಲ’ ಎಂಬುದು ಅಲಕ್ಷ್ಯದಂತೆಯೂ ಕೇಳಿಸುತ್ತದೆ, ಅಪರಾಧಿ ಭಾವ ಬರುತ್ತದೆ. ಇಟ್ಟರೆ ಅರ್ಥ ಖಚಿತವಾಗುತ್ತದೆ, ಆದರೆ ಓದುಗರ ಪಾಲು ಕಡಿಮೆಯಾಗುತ್ತದೆ. ನಾನಾದರೆ ಇಡುತ್ತೇನೆ, ಏಕೆಂದರೆ ಎರಡು ‘ಇಲ್ಲ’ಗಳು ಒಂದರ ಹಿಂದೆ ಒಂದು ಬಂದಾಗ ಮೊದಲನೆಯದರ ಅರ್ಥ ತಿರುಗುತ್ತದೆ. ನೀವು ಬೇರೆ ನಿರ್ಧಾರ ಮಾಡಬಹುದು. ಗಮನಿಸಬೇಕಾದದ್ದು ‘ನಾನು’ ಇಡೀ ಭಾಗದಲ್ಲಿ ಒಂದೇ ಸಲ ಬಂದಿದೆ ಎಂಬುದು. ಕನ್ನಡದ ಕ್ರಿಯಾಪದದಲ್ಲೇ ಮಾತಾಡುವವರು ಯಾರೆಂದು ಇರುವುದರಿಂದ ‘ಅನ್ನುತ್ತೇನೆ’ ಎಂದರೆ ಸಾಕು. ನಿಮ್ಮ 40 ಕವಿತೆಗಳಲ್ಲಿ ‘ನಾನು’, ‘ನನ್ನ’ ಎಷ್ಟು ಸಲ ಬಂದಿವೆ ಎಂದು ಎಣಿಸಿ, ಅರ್ಧಕ್ಕಿಂತ ಹೆಚ್ಚನ್ನು ಅರ್ಥ ಕೆಡದಂತೆ ತೆಗೆಯಬಹುದು. ಗುರುತಿನ ಬಗ್ಗೆ ಬರೆಯುವ ಕವಿತೆಯಲ್ಲಿ ‘ನಾನು’ ಕಡಿಮೆಯಾದಷ್ಟೂ, ಉಳಿದ ಒಂದೆರಡು ಕಡೆ ಅದು ತೂಕ ಹೊರುತ್ತದೆ.

ವ್ಯಾಕರಣ ನಿಮಗೆ ಕೊಡುವ ಇನ್ನೂ ಕೆಲವು ಸಲಕರಣೆಗಳಿವೆ, ಕನ್ನಡದಲ್ಲಿ ಬರೆಯುವವರು ಇವನ್ನು ಬಿಟ್ಟುಕೊಡಬಾರದು. ‘ಬಂದೆ’, ‘ಹೋದೆ’ ಎಂಬಲ್ಲಿ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ‘ಬಂದಳು’ ಎಂದಾಗ ಗೊತ್ತಾಗುತ್ತದೆ. ಹಾಗಾಗಿ ಒಂದೇ ಅನುಭವವನ್ನು ‘ಅವಳು’ ಎಂದು ಬರೆದರೆ ಹೆಣ್ಣು ಎಂಬುದು ಪ್ರತಿ ಸಾಲಿನ ತುದಿಯಲ್ಲೂ ಕಾಣುತ್ತದೆ, ಹೊರಗಿನವರು ಅವಳನ್ನು ನೋಡುತ್ತಿರುವ ಭಾವ ಬರುತ್ತದೆ. ಉತ್ತಮಪುರುಷದಲ್ಲಿ ಬರೆದರೆ ಆ ನೋಟ ಮಾಯವಾಗುತ್ತದೆ. ಕವಿತೆಯ ನಡುವೆ ‘ಅವಳು’ ಹೋಗಿ ‘ನಾನು’ ಬರುವ ಒಂದು ಜಾಗ ಇಟ್ಟುಕೊಂಡರೆ ಅದೊಂದೇ ಬದಲಾವಣೆ ಬಹಳಷ್ಟನ್ನು ಹೇಳುತ್ತದೆ. ‘ಹೋಗು’, ‘ಬರು’ಗಳನ್ನೂ ಪರೀಕ್ಷಿಸಿ. ಅಮ್ಮನಿಗೆ ‘ಮುಂದಿನ ತಿಂಗಳು ಬರುತ್ತೇನೆ’ ಅನ್ನುವವಳು, ಅದೇ ಪ್ರಯಾಣದ ಬಗ್ಗೆ ಪಕ್ಕದ ಮನೆಯವರಿಗೆ ‘ಹೋಗುತ್ತೇನೆ’ ಅನ್ನುತ್ತಾಳೆ. ಯಾರ ಎದುರು ಎಲ್ಲಿ ನಿಂತು ಮಾತಾಡುತ್ತಿದ್ದಾಳೆ ಎಂಬುದು ಆ ಕ್ರಿಯಾಪದದಲ್ಲೇ ಇದೆ. ಅಮ್ಮ ‘ಅನ್ನುತ್ತಾಳೆ’, ಅತ್ತೆ ‘ಅನ್ನುತ್ತಾರೆ’. ಆ ಒಂದು ಅಕ್ಷರದ ದೂರವನ್ನು ವಿವರಿಸಲು ಬೇರೆ ವಿಶೇಷಣ ಬೇಕಿಲ್ಲ. ‘ನಾವು’ ಬಂದಲ್ಲೆಲ್ಲ ಮಾತ್ರ ಎಚ್ಚರ. ಹೆಂಗಸರೋ, ಕನ್ನಡಿಗರೋ, ವಲಸೆ ಬಂದವರೋ, ಮನೆಯವರೋ? ಸ್ಪಷ್ಟವಿಲ್ಲದ ‘ನಾವು’ ಬಂದ ಕೂಡಲೇ ಕವಿತೆ ಭಾಷಣದ ಕಡೆ ವಾಲುತ್ತದೆ.

ಗೆಳತಿಯ ಮಾತಿಗೆ ಬರೋಣ. ನಡುವಿನ ಬದುಕನ್ನು ಬೆರಕೆ ಭಾಷೆಯಲ್ಲೇ ಬರೆಯಬೇಕು ಎಂಬುದು ನಿಯಮವಲ್ಲ. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಹೆಣ್ಣಿಗೆ ಹೇಳುವವರು ಎಂದೂ ಇದ್ದೇ ಇದ್ದಾರೆ. 1965ರಲ್ಲಿ ಬಂದ, ಕೇರಳದ ಕವಿ ಕಮಲಾ ದಾಸ್ ಅವರ ಮೊದಲ ಇಂಗ್ಲಿಷ್ ಸಂಕಲನದಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಡ ಎಂದವರಿಗೆ ಉತ್ತರ ಕೊಡುವ ಕವಿತೆಯೇ ಇದೆ. ಮೂರು ಭಾಷೆ ಮಾತಾಡುವ, ಎರಡರಲ್ಲಿ ಬರೆಯುವ, ಒಂದರಲ್ಲಿ ಕನಸು ಕಾಣುವ ಹೆಣ್ಣು ಅಲ್ಲಿ ತಾನು ಆಡುವ ಭಾಷೆ, ಅದರ ಓರೆಕೋರೆಗಳ ಸಮೇತ, ತನ್ನದೇ ಅನ್ನುತ್ತಾಳೆ. ನಿಮ್ಮ ಮೇಲೆ ಬಂದಿರುವ ಒತ್ತಾಯ ಅದಕ್ಕೆ ತಿರುಗುಮುರುಗು, ಬೇಡಿಕೆಯ ಸ್ವರೂಪ ಮಾತ್ರ ಅದೇ. ಇನ್ನೊಂದು ಉದಾಹರಣೆ ಸುಜಾತಾ ಭಟ್. ಅಹಮದಾಬಾದಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಜರ್ಮನಿಯಲ್ಲಿ ನೆಲೆಸಿದ ಇವರ 1988ರ ಸಂಕಲನದ ಒಂದು ಪ್ರಸಿದ್ಧ ಕವಿತೆಯಲ್ಲಿ ಇಂಗ್ಲಿಷ್ ಸಾಲುಗಳ ನಡುವೆ ಗುಜರಾತಿ ಸಾಲುಗಳು ಗುಜರಾತಿ ಲಿಪಿಯಲ್ಲೇ ಬರುತ್ತವೆ, ಜೊತೆಗೆ ಉಚ್ಚಾರಣೆಯೂ ಇರುತ್ತದೆ. ಅದು ಅಲಂಕಾರವಲ್ಲ. ತಾಯ್ನುಡಿ ಬಾಯಲ್ಲೇ ಕೊಳೆತುಹೋಗುತ್ತದೆಂಬ ಭಯವನ್ನು ಹೇಳಿದ ಮೇಲೆ, ಕನಸಿನಲ್ಲಿ ಆ ನುಡಿ ಮರಳಿ ಬರುತ್ತದೆ. ಬರುವುದನ್ನು ಓದುಗರು ಕಣ್ಣಾರೆ ಕಾಣಬೇಕು. ಭಾಷೆ ಬದಲಾಗುವುದೇ ಅಲ್ಲಿ ನಡೆಯುವ ಘಟನೆ.

ಈ ಅಳತೆಗೋಲನ್ನೇ ನೀವೂ ಹಿಡಿಯಿರಿ. ಭಾಷೆ ಬದಲಾದಾಗ ಕವಿತೆಯೊಳಗೆ ಏನಾದರೂ ನಡೆಯುತ್ತದೆಯೇ? ವೀಸಾ ಅರ್ಜಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ಡಿಪೆಂಡೆಂಟ್’ ಎಂದು ಬರೆದಿದ್ದರೆ ಅದನ್ನು ‘ಅವಲಂಬಿತೆ’ ಎಂದು ತಿರುಗಿಸಬೇಡಿ. ಆ ಖಾನೆಯಲ್ಲಿ ನಿಮ್ಮನ್ನು ಕೂರಿಸಿದ ಶಬ್ದ ಅದೇ. ಮಗಳು ನಿಜವಾಗಿ ಇಂಗ್ಲಿಷಿನಲ್ಲಿ ಹೇಳಿದ ಮಾತು ಇಂಗ್ಲಿಷಾಗಿಯೇ, ಕನ್ನಡ ಲಿಪಿಯಲ್ಲಿ ಇರಲಿ. ಆದರೆ ‘ಮನಸ್ಸು’ ಇರಬೇಕಾದಲ್ಲಿ ‘ಮೈಂಡ್’, ‘ಒಂಟಿ’ ಇರಬೇಕಾದಲ್ಲಿ ‘ಲೋನ್ಲಿ’ ಬಂದರೆ ಅದರಿಂದ ಲಾಭವಿಲ್ಲ. ಇಡೀ ಕವಿತೆಯಲ್ಲಿ ಹೊರಗಿನ ಶಬ್ದ ಎರಡೋ ಮೂರೋ ಇದ್ದರೆ ಪ್ರತಿಯೊಂದೂ ಕಿವಿಗೆ ತಾಗುತ್ತದೆ. ಸಾಲಿಗೊಂದು ಬಂದರೆ ಯಾವುದೂ ತಾಗುವುದಿಲ್ಲ, ಜೊತೆಗೆ ಹತ್ತು ವರ್ಷದಲ್ಲಿ ಹಳತಾಗುವ ಅಪಾಯವೂ ಇದೆ. ಆವರಣದಲ್ಲಿ ಅರ್ಥ ಕೊಡಬೇಡಿ. ಅರ್ಥ ಮುಂದಿನ ಸಾಲಿನ ಸಂದರ್ಭದಿಂದ ತಿಳಿಯದಿದ್ದರೆ ಶಬ್ದವನ್ನೇ ಬದಲಿಸಿ.

ಪೂರ್ತಿ ಇಂಗ್ಲಿಷಿನಲ್ಲೇ ಬರೆಯುವ ಆಯ್ಕೆಯೂ ಇದೆ. ಅದು ಮಗಳನ್ನು ತಲುಪುತ್ತದೆ, ನೀವಿರುವ ಊರಿನ ಕವಿಗೋಷ್ಠಿಗಳನ್ನು ತಲುಪುತ್ತದೆ. ಅಪಾಯವೆಂದರೆ ಅಲ್ಲಿಯ ಓದುಗರು ನಿಮ್ಮಿಂದ ಒಂದು ಬಗೆಯ ‘ಭಾರತ’ವನ್ನು ನಿರೀಕ್ಷಿಸುತ್ತಾರೆ, ಸೀರೆ, ಮಸಾಲೆ, ನಿಶ್ಚಯಿಸಿದ ಮದುವೆ. ಆ ನಿರೀಕ್ಷೆ ಪೂರೈಸುವ ಕವಿತೆಗಳು ಬೇಗ ಮೆಚ್ಚುಗೆ ಗಳಿಸುತ್ತವೆ, ಆ ಮೆಚ್ಚುಗೆಯಿಂದ ಬಿಡಿಸಿಕೊಳ್ಳುವುದು ಕಷ್ಟ. ಕನ್ನಡದಲ್ಲಿ ಬರೆದರೆ ಸಾಮಾನುಪಟ್ಟಿಯ ವಿವರಣೆ ಬೇಕಿಲ್ಲ, ನೇರ ವಿಷಯಕ್ಕೆ ಹೋಗಬಹುದು. ಆದರೆ ಇಲ್ಲಿ ಇನ್ನೊಂದು ನಿರೀಕ್ಷೆ ಕಾದಿರುತ್ತದೆ: ಹೊರನಾಡಿನವಳು ಊರನ್ನು ಹೊಗಳಬೇಕು. ಎರಡೂ ಕಡೆ ಗಿರಾಕಿ ಕೇಳಿದ್ದನ್ನು ಕಟ್ಟಿಕೊಡದಿರುವುದು ಕವಿಯ ಹೊಣೆ. ನಿಮ್ಮ ಪತ್ರದ ಕನ್ನಡ ನೋಡಿದರೆ ನೀವು ಕನ್ನಡದಲ್ಲೇ ಮುಂದುವರಿಯಬೇಕೆಂಬುದು ನನ್ನ ಅಭಿಪ್ರಾಯ. ಮಾತಿನ ಲಯ ನಿಮ್ಮಲ್ಲಿ ಜೀವಂತವಾಗಿದೆ, ಕವಿತೆಗೆ ಕೂತಾಗ ಮಾತ್ರ ಪುಸ್ತಕದ ಭಾಷೆ ಬರುತ್ತಿದೆ.

ಸ್ವತಃ ನೆಲೆ ಬಿಟ್ಟ ಹೆಣ್ಣು ಕನ್ನಡ ಕಾವ್ಯಕ್ಕೆ ಹೊಸಬಳಲ್ಲ. 12ನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದ ಅಕ್ಕಮಹಾದೇವಿಯ ಒಂದು ವಚನವನ್ನು ಕಸುಬಿನ ಕಣ್ಣಿನಿಂದ ಓದಿ. ಹಸಿವಾದರೆ ಊರಿನ ಭಿಕ್ಷಾನ್ನವಿದೆ, ಬಾಯಾರಿದರೆ ಕೆರೆ ಹಳ್ಳ ಬಾವಿಗಳಿವೆ, ಮಲಗಲು ಹಾಳು ದೇಗುಲಗಳಿವೆ, ಆತ್ಮದ ಸಂಗಾತಕ್ಕೆ ಚೆನ್ನಮಲ್ಲಿಕಾರ್ಜುನನಿದ್ದಾನೆ ಎಂಬ ವಚನ ಅದು. ಮನೆಯಿಲ್ಲದ ಹೆಣ್ಣಿಗೆ ಲೋಕ ಕೇಳಬಹುದಾದ ಪ್ರಶ್ನೆಗಳೆಲ್ಲ ಅಲ್ಲಿವೆ, ಕೇಳಿದವರ ಸುಳಿವಿಲ್ಲ. ಮೂರು ದೈಹಿಕ ಅಗತ್ಯ, ಮೂರು ಸಾರ್ವಜನಿಕ ಜಾಗ, ನಾಲ್ಕನೆಯದು ಮಾತ್ರ ಬೇರೆ ಮಟ್ಟಕ್ಕೆ ಏರುತ್ತದೆ. ‘ಅನಾಥೆ’ ಎಂಬ ಶಬ್ದವಿಲ್ಲ, ‘ಸ್ವತಂತ್ರಳು’ ಎಂಬ ಶಬ್ದವೂ ಇಲ್ಲ. ಈ ರಚನೆಯನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು: ನೀವಿರುವ ದೇಶದಲ್ಲಿ ನಿಮ್ಮ ನಾಲ್ಕು ದಿನನಿತ್ಯದ ಅಗತ್ಯಗಳು ಯಾವ ನಾಲ್ಕು ಜಾಗಗಳಲ್ಲಿ ಪೂರೈಕೆಯಾಗುತ್ತವೆ ಎಂದು ಬರೆಯಿರಿ. ಭಾವನೆಯ ಶಬ್ದ ಒಂದೂ ಇರಬಾರದು. ನಾಲ್ಕನೆಯ ಜಾಗ ಸಿಗದೆ ಕೈ ನಿಂತರೆ ಅಲ್ಲೇ ಬಿಡಿ, ಆ ಖಾಲಿ ಜಾಗವೂ ಕವಿತೆಯೇ.

ಛಂದಸ್ಸು ಬೇಕೆನಿಸಿದರೆ ಎರಡು ರೂಪಗಳು ಈ ವಸ್ತುವಿಗೆ ಹೊಂದುತ್ತವೆ. ತ್ರಿಪದಿ ಅಂಶಗಣದ ಛಂದಸ್ಸು, ಅಂದರೆ ‘ಅಂಶ’ ಎಂಬ ಉಚ್ಚಾರದ ಘಟಕಗಳ ಗುಂಪುಗಳನ್ನು (ಗಣ) ಎಣಿಸುವಂಥದು: ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರು, ಒಟ್ಟು 11. ಆರನೆಯ ಮತ್ತು ಹತ್ತನೆಯ ಗಣ ಬ್ರಹ್ಮ (ಎರಡು ಅಂಶದ್ದು), ಉಳಿದವು ವಿಷ್ಣು (ಮೂರು ಅಂಶದ್ದು). ಹಾಡುವಾಗ ಎಳೆದು ಸರಿದೂಗಿಸುವ ರೂಪವಾದ್ದರಿಂದ ಮಾತ್ರೆ ಎಣಿಸುತ್ತ ಕೂರುವುದಕ್ಕಿಂತ ಜೋರಾಗಿ ಹೇಳಿ ನೋಡುವುದು ಒಳ್ಳೆಯದು. ಮೂರನೆಯ ಸಾಲು ಚಿಕ್ಕದಿರುವುದರಿಂದ ಮಾತು ಅಲ್ಲಿ ಥಟ್ಟನೆ ನಿಲ್ಲುತ್ತದೆ, ಆ ನಿಲುಗಡೆ ನಿಮಗೆ ಬೇಕಾದದ್ದು. ಆಗುವ ತಪ್ಪೆಂದರೆ ರೂಪದ ಜೊತೆಗೆ ‘ಹಡೆದವ್ವ’, ‘ತವರೂರ’ ಎಂಬ ಶಬ್ದಗಳನ್ನೂ ತಂದುಕೊಳ್ಳುವುದು. ನಿಮ್ಮ ಮನೆಯಲ್ಲಿ ಆಡದ ಶಬ್ದ ಕವಿತೆಯಲ್ಲಿ ವೇಷದಂತೆ ಕಾಣುತ್ತದೆ. ಇಮಿಗ್ರೇಷನ್ ಸಾಲು, ಶಾಲೆಯ ಮೀಟಿಂಗ್ ತ್ರಿಪದಿಯಲ್ಲಿ ಬರಲಿ.

ಇನ್ನೊಂದು ಗಜಲ್. ಅದರ ಪ್ರತಿ ಶೇರ್ ಎರಡು ಸಾಲಿನ ಸ್ವತಂತ್ರ ಘಟಕ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ವಿಮಾನ ನಿಲ್ದಾಣ, ಮತ್ತೊಂದರಲ್ಲಿ ಮಗಳು ಬರಬಹುದು, ಕಥೆ ಜೋಡಿಸುವ ಹಂಗಿಲ್ಲ. ಅವನ್ನು ಹಿಡಿದಿಡುವುದು ಶೇರ್‌ನ ಕೊನೆಗೆ ಮರಳಿ ಬರುವ ಪದ, ಅಂದರೆ ರದೀಫ್, ಮತ್ತು ಅದಕ್ಕೂ ಮುಂಚಿನ ಪ್ರಾಸ, ಅಂದರೆ ಕಾಫಿಯಾ. ಬದುಕು ಹಲವು ಊರುಗಳಲ್ಲಿ ಚೂರಾಗಿ ಹಂಚಿಹೋದವರಿಗೆ ಇದು ಸಹಜ ರೂಪ. ಕನ್ನಡದಲ್ಲಿ ಕೆಡುವುದು ಕಾಫಿಯಾದಲ್ಲಿ: ಕ್ರಿಯಾಪದ ಕೊನೆಗೆ ಬರುವ ಭಾಷೆಯಾದ್ದರಿಂದ ‘ಅಳುತ್ತೇನೆ, ನಗುತ್ತೇನೆ, ಬಾಳುತ್ತೇನೆ’ ಎಂದು ಪ್ರತ್ಯಯಗಳೇ ಪ್ರಾಸವಾಗಿಬಿಡುತ್ತವೆ. ಪ್ರತ್ಯಯ ಬಿಟ್ಟು ಧಾತುವಿನಲ್ಲಿ ಪ್ರಾಸ ಕೂಡಿದರೆ ಮಾತ್ರ ಒಪ್ಪಿಕೊಳ್ಳಿ. ಕೊನೆಯ ಶೇರ್‌ನಲ್ಲಿ ಕವಿಯ ಹೆಸರು ಬರುವ ರೂಢಿಯಿದೆ. ಅರ್ಧ ಹೆಸರಿನಲ್ಲಿ ಕರೆಸಿಕೊಳ್ಳುವ ನಿಮಗೆ ಅಲ್ಲಿ ಯಾವ ಹೆಸರು ಬರೆಯುತ್ತೀರಿ ಎಂಬುದೇ ಗಟ್ಟಿ ವಸ್ತು.

ಅತ್ತೆಯವರ ಕವಿತೆ. ಸತ್ಯ ಬರೆದ ಮೇಲೆ ಭಯ ಏಕೆ ಎಂದು ಸಲಹೆ ಕೊಡುವವರು ಆ ಮನೆಯಲ್ಲಿ ಇರುವುದಿಲ್ಲ, ನೀವು ಇರುತ್ತೀರಿ. ಮೊದಲು ಕವಿತೆಯನ್ನು ಕವಿತೆಯಾಗಿ ಪರೀಕ್ಷಿಸಿ: ಅತ್ತೆಗೂ ಒಂದು ಸಾಲು ಮಾತಿದೆಯೇ? ಅವರೂ ಒಂದು ಕಾಲದಲ್ಲಿ ಊರು ಬಿಟ್ಟು ಬಂದ ಸೊಸೆಯೇ ಅಲ್ಲವೇ, ಅದು ಕವಿತೆಗೆ ಗೊತ್ತಿದೆಯೇ? ಇಲ್ಲದಿದ್ದರೆ ಅದು ಇನ್ನೂ ದೂರಿನ ಹಂತದಲ್ಲಿದೆ, ಪ್ರಕಟಣೆಯ ಪ್ರಶ್ನೆಯೇ ಈಗ ಬೇಡ. ಇದ್ದರೆ ದಾರಿಗಳು ಹಲವು. ‘ನಾನು’ ತೆಗೆದು ‘ಅವಳು’ ಮಾಡಬಹುದು. ಹತ್ತಿರದವರು ಆದರೂ ಗುರುತಿಸುತ್ತಾರೆ. ಅತ್ತೆಯನ್ನು ಚಿಕ್ಕಮ್ಮನನ್ನಾಗಿಸಿ, ಊರು ಬದಲಿಸಿ ಬರೆಯಬಹುದು, ಆಗ ಸಂಬಂಧದ ಒತ್ತಡ ಸಡಿಲವಾಗದಂತೆ ನೋಡಿಕೊಳ್ಳಬೇಕು. ಸೀತೆ, ಶಕುಂತಲೆ, ಊರ್ಮಿಳೆಯ ಬಾಯಲ್ಲಿ ಆಡಿಸುವ ದಾರಿ ತುಂಬ ಸವೆದಿದೆ, ಓದುಗರಿಗೆ ಕಥೆಯ ಅಂತ್ಯ ಮೊದಲೇ ಗೊತ್ತು. ತೀರಾ ಹೊಸ ಕೋನ ಸಿಕ್ಕರೆ ಮಾತ್ರ ಹೋಗಿ. ಕಾವ್ಯನಾಮ ಒಂದಷ್ಟು ರಕ್ಷಣೆ ಕೊಡುತ್ತದೆ, ಪುಸ್ತಕ ಬಿಡುಗಡೆಯ ದಿನ ಅದು ಮುಗಿಯುತ್ತದೆ. ಪ್ರಕಟಿಸುವ ಮುಂಚೆ ಪತಿಗೆ ಓದಿಸಿ. ಅನುಮತಿ ಪಡೆಯಲೆಂದಲ್ಲ, ಆಮೇಲೆ ಮನೆಯಲ್ಲಿ ನಿಮ್ಮ ಪಕ್ಕ ನಿಲ್ಲುವವರು ಯಾರೆಂದು ತಿಳಿಯಲು. ಫೇಸ್‌ಬುಕ್‌ನಲ್ಲಿ ಮಾತ್ರ ಮೊದಲು ಹಾಕಬೇಡಿ. ಸ್ಕ್ರೀನ್‌ಶಾಟ್ ವಾಪಸು ಬರುವುದಿಲ್ಲ, ಜೊತೆಗೆ ಹಲವು ಪತ್ರಿಕೆಗಳು ಅದನ್ನು ‘ಈಗಾಗಲೇ ಪ್ರಕಟವಾದದ್ದು’ ಎಂದೇ ಪರಿಗಣಿಸುತ್ತವೆ. ಮಗಳ ಹೆಸರು, ಶಾಲೆ, ಅವಳು ಗುಟ್ಟಾಗಿ ಹೇಳಿದ ಮಾತು ಯಾವ ಕವಿತೆಯಲ್ಲೂ ಬೇಡ. ಅವಳು ದೊಡ್ಡವಳಾಗಿ ತಾನೇ ಒಪ್ಪಿದಾಗ ನೋಡೋಣ.

ತಿದ್ದುವ ಕೆಲಸಕ್ಕೆ ಹೀಗೆ ಕೂರಿ. 40 ಕವಿತೆಗಳನ್ನೂ ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಪರದೆಯ ಮೇಲೆ ಪಟ್ಟಿಗಳು ಕವಿತೆಯಂತೆ ಕಾಣುತ್ತವೆ. ಪ್ರತಿಯೊಂದರಲ್ಲೂ ಇನ್ನೊಬ್ಬ ವ್ಯಕ್ತಿ ಇದ್ದಾರೆಯೇ, ಒಂದು ನಿರ್ದಿಷ್ಟ ಹೊತ್ತು ಇದೆಯೇ, ಕ್ರಿಯಾಪದಗಳೆಷ್ಟು ಎಂದು ಗುರುತು ಹಾಕಿ. ಮೂರೂ ಇಲ್ಲದವನ್ನು ಪಕ್ಕಕ್ಕಿಡಿ, ಹರಿಯಬೇಡಿ. ಅವುಗಳಲ್ಲಿ ಒಂದೊಂದು ಸಾಲು ಮುಂದೆ ಬೇಕಾಗುತ್ತದೆ. ಉಳಿದವುಗಳ ಕೊನೆಯ ಎರಡು ಸಾಲುಗಳನ್ನು ಮುಚ್ಚಿ ಓದಿ. ಹೆಚ್ಚಿನವು ಅಲ್ಲಿಗೇ ಮುಗಿದಿರುತ್ತವೆ, ಕೊನೆಯ ಸಾಲುಗಳು ಬರೀ ವಿವರಣೆಯಾಗಿರುತ್ತವೆ. ಬಳಿಕ ಮೂರು ನಾಲ್ಕು ವಾರ ಮುಟ್ಟದೆ ಬಿಡಿ. ಮತ್ತೆ ಎತ್ತಿಕೊಂಡಾಗ ಊರಿನಲ್ಲೇ ಇರುವ, ನಿಮ್ಮ ಬಗ್ಗೆ ಕನಿಕರವಿಲ್ಲದ ಒಬ್ಬರಿಗೆ ಫೋನಿನಲ್ಲಿ ಜೋರಾಗಿ ಓದಿ ಹೇಳಿ; ಎಲ್ಲಿ ನಿಮ್ಮ ದನಿ ತಾನಾಗಿ ಭಾಷಣದಂತೆ ಏರುತ್ತದೋ ಅಲ್ಲಿ ಗೆರೆ ಎಳೆಯಿರಿ. 40ರಲ್ಲಿ 12ರಿಂದ 15 ಉಳಿದರೆ ಚೆನ್ನಾಗಿ ತಿದ್ದಿದ್ದೀರಿ ಎಂದೇ ಅರ್ಥ. ಪತ್ರಿಕೆಗೆ ಒಂದು ಸಲಕ್ಕೆ ಮೂರೋ ನಾಲ್ಕೋ ಕಳಿಸಿ, ಜೊತೆಯ ಪತ್ರದಲ್ಲಿ ಕವಿತೆಗಳನ್ನು ವಿವರಿಸಬೇಡಿ, ‘ಹೊರದೇಶದಲ್ಲಿದ್ದೂ ಕನ್ನಡದಲ್ಲಿ ಬರೆಯುತ್ತಿದ್ದೇನೆ’ ಎಂಬ ಮಾತೂ ಬೇಡ.

ಮಗಳ ವಿಷಯ ಉಳಿಯಿತು. ಓದಲು ಬಾರದವಳಿಗೆ ಕೇಳಲು ಬರುತ್ತದೆ. ತಿದ್ದಿ ಮುಗಿದ ಕವಿತೆಗಳನ್ನು ನಿಮ್ಮ ದನಿಯಲ್ಲಿ ಫೋನಿನಲ್ಲೇ ರೆಕಾರ್ಡ್ ಮಾಡಿಡಿ, ಒಂದೊಂದು ಬೇರೆ ಬೇರೆ ಫೈಲ್ ಆಗಿರಲಿ, ಮೊದಲಿಗೆ ಶೀರ್ಷಿಕೆ ಹೇಳಿ. ಅವಳಿಗೆ ಆಸಕ್ತಿ ಹುಟ್ಟಿದರೆ ಅವಳೇ ಇಂಗ್ಲಿಷಿಗೆ ತರಲಿ. ನೀವು ಪಕ್ಕ ಕೂತು ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಅವಳ ಇಂಗ್ಲಿಷನ್ನು ತಿದ್ದಬೇಡಿ. ಅವಳಿಗೆ ಅರ್ಥವಾಗದ ಸಾಲುಗಳಲ್ಲಿ ಕೆಲವು ಕನ್ನಡದಲ್ಲೂ ಅಸ್ಪಷ್ಟವಾಗಿರುತ್ತವೆ, ಅಂಥವನ್ನು ಮೂಲಕ್ಕೆ ಹೋಗಿ ಸರಿಪಡಿಸಿ. ಮುಂದೆ ಆ ಅನುವಾದ ಎಲ್ಲಾದರೂ ಅಚ್ಚಾಗುವುದಾದರೆ ಮೂಲದ ಹಕ್ಕು ನಿಮ್ಮದು, ಅನುವಾದದ ಹಕ್ಕು ಅವಳದು ಎಂದು ಪ್ರಕಾಶಕರಿಗೆ ಮೊದಲೇ ಬರೆದು ತಿಳಿಸಿ. ಇಬ್ಬರ ಹೆಸರೂ ಪೂರ್ತಿಯಾಗಿ ಅಚ್ಚಾಗಬೇಕೆಂದೂ ಅದೇ ಪತ್ರದಲ್ಲಿ ಸೇರಿಸಿ.